ಉಬ್ಬುಹಲಗೆಯ ಗಿಟಾರು

ರಾಜಾಜಿನಗರದ ತರುಣ ಮಿತ್ರರೊಬ್ಬರು, ಹಳೆಯ ಜಾಸ್ ಸಂಗೀತದ ನಾದಕ್ಕಾಗಿ, ಬಳಸಿದ ಆರ್ಚ್‌ಟಾಪ್ ಗಿಟಾರೊಂದನ್ನು ಆರಿಸಿಕೊಡಿರೆಂದು ನನ್ನನ್ನು ಕೇಳಿದರು. ಅವರ ಕೈಯಲ್ಲಿದ್ದುದು ಎರಡು ವರ್ಷಗಳ ಉಳಿತಾಯ, ಆಯ್ಕೆ ತಪ್ಪುವಂತಿರಲಿಲ್ಲ.

ಆ ನಾದದ ಗುಟ್ಟು ವಾದ್ಯದ ರಚನೆಯಲ್ಲಿದೆ. 1922ರಲ್ಲಿ ಬಂದ ಗಿಬ್ಸನ್ ಎಲ್-5 ಗಿಟಾರಿಗೆ ಪಿಟೀಲಿನಂತೆ ಕೆತ್ತಿದ ಉಬ್ಬುಹಲಗೆ, ‘ಎಫ್’ ಆಕಾರದ ರಂಧ್ರಗಳು. ಸ್ವರ ಥಟ್ಟನೆ ಚಿಮ್ಮಿ ಬೇಗನೆ ಅಡಗುತ್ತದೆ. 1939ರಲ್ಲಿ ಬೆನ್ನಿ ಗುಡ್‌ಮನ್ನರ ಮೇಳ ಸೇರಿದ ಚಾರ್ಲಿ ಕ್ರಿಶ್ಚಿಯನ್ನರು ವಿದ್ಯುತ್ತಿನ ನೆರವಿನಿಂದ ಇಂಥ ಗಿಟಾರಿಗೆ ಏಕವಾದ್ಯದ ಘನತೆ ತಂದರು.

ಆದ್ದರಿಂದ ಮೊದಲು ಹಲಗೆಯನ್ನು ನೋಡಬೇಕು. ಕುದುರೆಯ ಕೆಳಗೆ ಅದು ಕುಸಿದಿದ್ದರೆ, ಅಗ್ಗದ ಬೆಲೆಯೂ ದುಬಾರಿಯೇ. ಅನಂತರ ಕತ್ತು, ಅದು ಬಾಗಿದ್ದರೆ ತಂತಿಗಳು ಮೇಲೆದ್ದು ಬೆರಳನ್ನು ದಣಿಸುತ್ತವೆ. ಮೆರುಗಿನ ಮೇಲಿನ ಗೀರುಗಳು ಲೆಕ್ಕಕ್ಕಿಲ್ಲ. ವೀಣೆ ಕೊಳ್ಳುವವರು ಕೊಡದ ನಾದಕ್ಕೆ ಕಿವಿಗೊಡುವಂತೆ, ಇಲ್ಲಿಯೂ ಕೊನೆಯ ತೀರ್ಪು ಕಿವಿಯದೇ.