ಫೋಟೋದ ಬೆದರಿಕೆಗೆ ಹೆದರಬೇಡಿ
(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



2025ರ ಬೇಸಿಗೆಯಲ್ಲಿ ಒಂದು ದಿನ ಸಂಘದ ಸಭೆ ಮುಗಿದರೂ ಒಬ್ಬಳು ಎದ್ದು ಹೋಗಲಿಲ್ಲ. ಮದುವೆಯಾಗಿ ಎರಡು ವರ್ಷ. ಬೈಕಿಗೆ ಹಣ ತರಲಿಲ್ಲವೆಂದು ಗಂಡ ಅವಳನ್ನು ತವರಿಗೆ ಅಟ್ಟಿದ್ದ. ಅದು ಸಾಲದೆ, ಕೋಣೆಯೊಳಗೆ ತೆಗೆದಿದ್ದ ಅವಳ ಬೆತ್ತಲೆ ಫೋಟೋವನ್ನು ಇಂಟರ್‌ನೆಟ್ಟಿಗೆ ಹಾಕಿದ್ದ. "ಅಕ್ಕಾ, ಯಾರಿಗೂ ಹೇಳಬೇಡಿ" ಎಂದು ಅತ್ತಳು. ಏನು ಮಾಡಬೇಕೆಂದು ನನಗೂ ತಿಳಿಯಲಿಲ್ಲ. ವಕೀಲರಿಂದ ಅಂದು ಕಲಿತದ್ದನ್ನೂ ಆಮೇಲೆ ತಿಳಿದದ್ದನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಹಿಂದೆ ಸೀಮೆಎಣ್ಣೆ ಡಬ್ಬಿ ತೋರಿಸಿ ಹೆದರಿಸುತ್ತಿದ್ದರು. ಈಗ ಮೊಬೈಲು ತೋರಿಸುತ್ತಾರೆ. ಕೇಳುವುದು ಅದೇ ವರದಕ್ಷಿಣೆ.

ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ 79ನೇ ಕಲಮಿನ ಪ್ರಕಾರ, ಬೇರೆಯವರು ಹಾಕಿದ್ದಕ್ಕೆ ಕಂಪನಿ ಹೊಣೆಯಲ್ಲ. ಆದರೆ ನಿಯಮ ಪಾಲಿಸಿದರೆ ಮಾತ್ರ ಅದಕ್ಕೆ ಈ ರಕ್ಷಣೆ. ಇಂಥ ಚಿತ್ರದ ಬಗ್ಗೆ ದೂರು ಬಂದರೆ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ನಿಯಮಗಳು ಹೇಳಿದವು. 2026ರ ಫೆಬ್ರವರಿಯ ತಿದ್ದುಪಡಿ ಆ ಗಡುವನ್ನು 2 ಗಂಟೆಗೆ ಇಳಿಸಿತು. ಬೇರೆ ಮೈಗೆ ಮುಖ ಅಂಟಿಸಿದ ಸುಳ್ಳು ಚಿತ್ರಕ್ಕೂ ಇದೇ ನಿಯಮ.

ಇನ್ನೊಂದು ಮಾತು ಗಮನವಿಟ್ಟು ಕೇಳಿ. ಈ ದೂರನ್ನು ಆಕೆಯೇ ಕೊಡಬೇಕೆಂದಿಲ್ಲ, ಆಕೆಯ ಪರವಾಗಿ ಬೇರೆಯವರೂ ಕೊಡಬಹುದು. ಅಂದರೆ ಅವಳು ಅಳುತ್ತ ಕೂತಿರುವಾಗ ಸಂಘದ ನಾವು ಬರೆಯಬಹುದು! ಅಂದು ನಾವು ಮಾಡಿದ್ದೂ ಅದನ್ನೇ. ಮರುದಿನ ಫೋಟೋ ಹೋಯಿತು.

ಆದರೆ ಯಾರಾದರೂ ಅದನ್ನು ತಮ್ಮ ಫೋನಿಗೆ ಇಳಿಸಿಕೊಂಡಿದ್ದರೆ ಕಂಪನಿ ಅದನ್ನು ಅಳಿಸಲಾರದು. ಆದ್ದರಿಂದ ತಡಮಾಡಬೇಡಿ. ಸಿಟ್ಟಿನಲ್ಲಿ ಅವನ ಮೆಸೇಜುಗಳನ್ನೂ ಅಳಿಸಬೇಡಿ, ಅವೇ ಸಾಕ್ಷಿ. ಫೋಟೋ ಕಾಣುವ ಪುಟದ ವಿಳಾಸ, ದಿನ, ಹೊತ್ತು ಬರೆದಿಟ್ಟುಕೊಳ್ಳಿ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಅಲ್ಲಿ ನ್ಯಾಯ ಸಿಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಹೋಗಬಹುದು.

ಕಂಪನಿ ಫೋಟೋ ತೆಗೆದ ಮಾತ್ರಕ್ಕೆ ಗಂಡನ ತಪ್ಪು ಅಳಿಯುವುದಿಲ್ಲ. ಒಪ್ಪಿಗೆಯಿಲ್ಲದೆ ಗುಪ್ತಾಂಗದ ಚಿತ್ರ ಹರಡಿದರೆ ಅದೇ ಕಾಯಿದೆಯ 66ಇ ಕಲಮಿನಡಿ 3 ವರ್ಷದವರೆಗೆ ಜೈಲು, ಇಲ್ಲವೆ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಣಕ್ಕಾಗಿ ಪೀಡಿಸಿದ್ದಕ್ಕೆ ಹಳೆಯ 498ಎ ಜಾಗದಲ್ಲಿ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು ಇದೆ. ಇವಕ್ಕೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು.

ಆ ಹುಡುಗಿ ಈಗ ನಮ್ಮ ಸಂಘದ ಲೆಕ್ಕ ಬರೆಯುತ್ತಾಳೆ. ಕೇಸು ನಡೆಯುತ್ತಿದೆ. ತಲೆ ತಗ್ಗಿಸಬೇಕಾದವನು ಫೋಟೋ ಹಾಕಿದವನು, ಅವಳಲ್ಲ. ಈ ಮಾತನ್ನು ನಿಮ್ಮ ನಿಮ್ಮ ಸಂಘಗಳಲ್ಲಿ ಹೇಳಿ.