ಗಂಟಿನೊಳಗೆ ಜಾಗ ತಿನ್ನುವುದು ಯಾವುದು?

(ಮಸ್ಕತ್‌ನಲ್ಲಿ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ರಜೆಯಲ್ಲಿ ಊರಿಗೆ ಹೊರಡುವ ಮುನ್ನ ಪೆಟ್ಟಿಗೆಯನ್ನು ತೂಗಿ ನೋಡದವರು ನಮ್ಮಲ್ಲಿ ವಿರಳ. ತೂಕ ಮಿತಿಮೀರಿತೆಂದರೆ ಮೊದಲು ಹೊರಬರುವುದು ಮೇಲೆ ಕಾಣುವ ಖರ್ಜೂರದ ಡಬ್ಬಿ. ತಳದಲ್ಲಿ ಕುಳಿತ ಭಾರವಾದ ವಸ್ತು ಹಾಗೆಯೇ ಉಳಿದುಬಿಡುತ್ತದೆ. ಜಾಲಪುಟಗಳನ್ನು ರಚಿಸುವ ನಮ್ಮ ವೃತ್ತಿಯಲ್ಲಿಯೂ ಇದೇ ನಡೆಯುತ್ತದೆ. ಪುಟ ನಿಧಾನವಾಗಿ ತೆರೆಯುತ್ತದೆ ಎಂಬ ದೂರು ಬಂದೊಡನೆ, "ಕನ್ನಡವನ್ನು ತೆಗೆದುಬಿಡೋಣ, ಅದು ಭಾರ" ಎಂಬ ಮಾತು ಕೇಳಿಬರುತ್ತದೆ. ಈ ಮಾತು ನಿಜವೇ ಎಂಬುದೇ ಇಂದಿನ ನಮ್ಮ ವಿಷಯ.

1995ರಲ್ಲಿ ಬ್ರೆಂಡನ್ ಐಕ್ ಅವರು ಹತ್ತು ದಿನಗಳಲ್ಲಿ ರೂಪಿಸಿದ ಜಾವಾಸ್ಕ್ರಿಪ್ಟ್ ಆಗ ಪುಟ್ಟ ಭಾಷೆಯಾಗಿತ್ತು. ಇಂದು ಅದರಲ್ಲಿ ಬರೆಯುವವರು ಎಲ್ಲವನ್ನೂ ಸ್ವತಃ ಬರೆಯುವುದಿಲ್ಲ. ಅನ್ಯರು ರಚಿಸಿದ ಲೈಬ್ರರಿಗಳನ್ನು ತಂದು ಸೇರಿಸುತ್ತಾರೆ. ಆ ಲೈಬ್ರರಿಗಳಿಗೆ ಮತ್ತೆ ಬೇರೆ ಲೈಬ್ರರಿಗಳು ಬೇಕು. ಇವೆಲ್ಲವನ್ನೂ ವೆಬ್‌ಪ್ಯಾಕ್, ಇಎಸ್‌ಬಿಲ್ಡ್ ಮೊದಲಾದ ಸಾಧನಗಳು ಒಂದು ಗಂಟಾಗಿ ಕಟ್ಟುತ್ತವೆ. ಗಂಟನ್ನು ಕಟ್ಟಿದ ಮೇಲೆ ಒಳಗೇನಿದೆ ಎಂದು ಕಟ್ಟಿದವರಿಗೂ ತಿಳಿಯದು.

ಒಳಗಿನದನ್ನು ಕಾಣುವ ಉಪಾಯ ಗಂಟಿಗಿಂತ ಹಳೆಯದು. 1990ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ ಅವರ ಪ್ರಯೋಗಾಲಯದಲ್ಲಿ 14 ಮಂದಿ ಹಂಚಿಕೊಂಡಿದ್ದ 80 ಮೆಗಾಬೈಟ್‌ಗಳ ಹಾರ್ಡ್ ಡಿಸ್ಕ್ ತುಂಬಿಹೋಯಿತು. ಜಾಗ ತಿಂದವರು ಯಾರು? ಅವರು ಪರದೆಯನ್ನು ಆಯತಗಳಾಗಿ ವಿಭಾಗಿಸಿದರು. ಕಡತ ಎಷ್ಟು ದೊಡ್ಡದೋ ಆಯತದ ವಿಸ್ತೀರ್ಣವೂ ಅಷ್ಟು. ಆಯತದೊಳಗೆ ಅದರ ಮಕ್ಕಳು, ಮೊಮ್ಮಕ್ಕಳು. ಜಮೀನು ಪಾಲಾದ ನಕ್ಷೆಯಂತೆ ಒಂದೇ ನೋಟಕ್ಕೆ ದೊಡ್ಡ ಹಿಡುವಳಿದಾರರು ಕಂಡುಬರುತ್ತಾರೆ. 'ಟ್ರೀಮ್ಯಾಪ್' ಎಂಬ ಈ ಚಿತ್ರವನ್ನೇ ವೆಬ್‌ಪ್ಯಾಕ್ ಬಂಡಲ್ ಅನಲೈಸರ್, ಸೋರ್ಸ್ ಮ್ಯಾಪ್ ಎಕ್ಸ್‌ಪ್ಲೋರರ್ ಎಂಬ ಸಾಧನಗಳು ಜಾವಾಸ್ಕ್ರಿಪ್ಟ್ ಗಂಟಿಗೂ ಬರೆದುಕೊಡುತ್ತವೆ.

ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿಯ ಪುಟವೊಂದನ್ನು ಊಹಿಸಿಕೊಳ್ಳೋಣ. ದಿನಾಂಕಗಳು ಕನ್ನಡದಲ್ಲಿ ಬರಲೆಂದು ಮೊಮೆಂಟ್ ಎಂಬ ಹೆಸರಾಂತ ಲೈಬ್ರರಿಯನ್ನು ಬಳಸಲಾಗಿದೆ. ಅದರಲ್ಲಿ ಕನ್ನಡಕ್ಕೊಂದು ಕಡತವಿದೆ. ತಿಂಗಳು, ವಾರಗಳ ಹೆಸರುಗಳಷ್ಟೇ ಅಲ್ಲದೆ ೧, ೨, ೩ ಎಂಬ ನಮ್ಮ ಅಂಕಿಗಳೂ ಅದರಲ್ಲಿವೆ. ಆದರೆ ವೆಬ್‌ಪ್ಯಾಕ್ ಯಾವ ಭಾಷೆ ಬೇಕಾದೀತೋ ಎಂದು ಅರಿಯದೆ ಎಲ್ಲ ಭಾಷೆಗಳ ಕಡತಗಳನ್ನೂ ಗಂಟಿಗೆ ಹಾಕುವುದುಂಟು. ಒಮಾನಿನಲ್ಲಿರುವ ನಮಗೆ ಕನ್ನಡ, ಅರಬ್ಬಿ, ಇಂಗ್ಲಿಷ್ ಸಾಕು. ಗಂಟಿನಲ್ಲಿ ಬಾಸ್ಕ್, ವೆಲ್ಷ್, ಐಸ್‌ಲ್ಯಾಂಡಿಕ್ ಸಹಿತ ಬಂದಿಳಿಯುತ್ತವೆ. ಅರಬ್ಬಿಯೊಂದಕ್ಕೇ ಕುವೈತ್, ಸೌದಿ, ಮೊರಾಕೊ, ಅಲ್ಜೀರಿಯಾ ಎಂದು ಬೇರೆ ಬೇರೆ ಕಡತಗಳು! ಚಿತ್ರದಲ್ಲಿ ಅದು ಸಣ್ಣ ಸಣ್ಣ ಚೌಕಗಳ ಕೇರಿಯಾಗಿ ಕಾಣುತ್ತದೆ. ಕನ್ನಡ ಆ ಕೇರಿಯ ಒಂದು ಮನೆ ಮಾತ್ರ. ಅದೊಂದನ್ನು ಕೆಡವಿದರೆ ಉಳಿತಾಯ ಏನೂ ಇಲ್ಲ. ಬೇಡದ ಭಾಷೆಗಳನ್ನು ಬಿಡುವಂತೆ ವೆಬ್‌ಪ್ಯಾಕ್‌ಗೆ ಸೂಚಿಸುವುದು ಒಂದು ದಾರಿ. ಮೊಮೆಂಟ್ ತಂಡವೇ 2020ರಲ್ಲಿ ಹೊಸ ಕೆಲಸಗಳಿಗೆ ಬೇರೆ ಸಾಧನ ಬಳಸಿರೆಂದು ಹೇಳಿದೆ. ಇಂದಿನ ಬಹುಪಾಲು ಬ್ರೌಸರುಗಳು ಕನ್ನಡದ ದಿನಾಂಕವನ್ನು ತಾವೇ ಬರೆಯಬಲ್ಲವು.

ಕನ್ನಡಕ್ಕೆ ಸ್ವಂತ ತೂಕವಿಲ್ಲವೆಂದು ನಾವು ವಾದಿಸುವುದಿಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಅರಬ್ಬಿಗೆ ಸಾಮಾನ್ಯವಾಗಿ 2, ನಮ್ಮ ಪ್ರತಿಯೊಂದು ಸಂಕೇತಕ್ಕೆ 3. 'ಕನ್ನಡ' ಎಂಬ ಪದ ಒತ್ತಿನ ಚಿಹ್ನೆಯೂ ಸೇರಿ 5 ಸಂಕೇತಗಳು, ಅಂದರೆ 15 ಬೈಟ್‌ಗಳು. ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 7. ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಇಎಸ್‌ಬಿಲ್ಡ್ ಬೇರೆ ಆಜ್ಞೆಯಿಲ್ಲದಿದ್ದರೆ ನಮ್ಮ ಪ್ರತಿ ಸಂಕೇತವನ್ನೂ ಆರು ಇಂಗ್ಲಿಷ್ ಚಿಹ್ನೆಗಳ ಗುಪ್ತಬರಹವಾಗಿ ಮಾರ್ಪಡಿಸುತ್ತದೆ. ಆಗ ಅದೇ ಪದ 30 ಬೈಟ್‌ಗಳು! ಅಕ್ಷರಗಳನ್ನು ಯುಟಿಎಫ್-8ರಲ್ಲಿಯೇ ಉಳಿಸೆಂದು ಒಂದು ಸೂಚನೆ ಕೊಟ್ಟರೆ ಮುಗಿಯಿತು. ಭಾಷೆಯ ಮೇಲೆ ಹೊರಿಸಿದ ಭಾರದಲ್ಲಿ ಅರ್ಧ ಕಟ್ಟುವವನ ಅಭ್ಯಾಸದ್ದು.

ಚಿತ್ರವನ್ನು ಓದುವಾಗ ಯಾವ ಅಳತೆಯೆಂದು ಕೇಳಬೇಕು. ಅನಲೈಸರ್ ಮೂಲದ ಗಾತ್ರ, ಕಿರಿದುಗೊಳಿಸಿದ ಗಾತ್ರ, ಜಿಜಿಪ್‌ನಿಂದ ಹಿಂಡಿದ ಗಾತ್ರ ಎಂದು ಮೂರನ್ನು ತೋರಿಸುತ್ತದೆ. ಕನ್ನಡದ ಬೈಟ್‌ಗಳಲ್ಲಿ ಮೊದಲೆರಡು ಮತ್ತೆ ಮತ್ತೆ ಒಂದೇ ಆಗಿ ಬರುವುದರಿಂದ ಹಿಂಡಿದಾಗ ಅದು ಚೆನ್ನಾಗಿ ಕುಗ್ಗುತ್ತದೆ. ದತ್ತಾಂಶದ ಖರ್ಚಿಗೆ ಹಿಂಡಿದ ಗಾತ್ರವೇ ಲೆಕ್ಕ. ಆದರೆ ಊರಿನಲ್ಲಿ ನಮ್ಮ ತಾಯಂದಿರ ಕೈಯಲ್ಲಿರುವ ಅಗ್ಗದ ಫೋನು ಆ ಗಂಟನ್ನು ಬಿಚ್ಚಿ ಪೂರ್ತಿ ಓದಲೇಬೇಕಷ್ಟೆ. ಅಲ್ಲಿ ಎರಡನೆಯ ಗಾತ್ರವೂ ಮುಖ್ಯ. ನಾವಿಲ್ಲಿ ವೇಗದ ಸಂಪರ್ಕದಲ್ಲಿ ಕುಳಿತು ಪರೀಕ್ಷಿಸಿದರೆ ಅವರ ಕಾಯುವಿಕೆ ನಮಗೆ ತಿಳಿಯುವುದಿಲ್ಲ.

ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಒಟ್ಟಿಗೆ ಕುಳಿತಿರುವುದೂ ಈ ಚಿತ್ರದಲ್ಲಿ ಸಿಕ್ಕಿಬೀಳುತ್ತದೆ. ಪುಟದ ಛಾಯಾಚಿತ್ರಗಳು, ಪ್ರತ್ಯೇಕವಾಗಿ ಬರುವ ಕನ್ನಡ ಫಾಂಟಿನ ಕಡತ ಇದರಲ್ಲಿ ಕಾಣಿಸುವುದಿಲ್ಲ. ಅವುಗಳನ್ನು ಬೇರೆಯಾಗಿಯೇ ತೂಗಬೇಕು.

ಮಾದರಿ ಚಿತ್ರವೊಂದನ್ನು ಪಕ್ಕದ ಮೇಜಿನ ಗಣಕದಲ್ಲಿ ತೆರೆದಿಟ್ಟಿದ್ದೇವೆ. ಆಸಕ್ತರು, ಮುಖ್ಯವಾಗಿ ಇಲ್ಲಿ ಓದುತ್ತಿರುವ ಮಕ್ಕಳು, ಚಹಾ ವಿರಾಮದಲ್ಲಿ ಬಂದು ಕನ್ನಡದ ಚೌಕ ಎಲ್ಲಿದೆಯೆಂದು ಹುಡುಕಬಹುದು.