ಎರಡನೆಯ ತಿಂಗಳು ಬಾರದವರು



ಸಮುದಾಯದೊಳಗೆ ಮಾನಸಿಕ ಆರೋಗ್ಯ ಸೇವೆ ಎಂಬ ವಿಷಯವನ್ನು ನನಗೆ ಒಪ್ಪಿಸಿದ್ದೀರಿ. ಯೋಜನೆಗಳ ಹೆಸರು ಒಂದೊಂದಾಗಿ ಓದುತ್ತ ಹೋದರೆ ನಿಮಗೂ ನಿದ್ದೆ, ನನಗೂ ನಿದ್ದೆ. ಕೋಟ, ಬಳ್ಳಾರಿ, ತೀರ್ಥಹಳ್ಳಿ, ಈ ಮೂರು ಊರುಗಳನ್ನು ಹಿಡಿದುಕೊಂಡು ಮಾತಾಡುತ್ತೇನೆ.

ಮೊದಲು ಕೋಟ. ಶಿವರಾಮ ಕಾರಂತರ ಹುಟ್ಟೂರು ಎಂದು ನಮಗೆಲ್ಲ ಗೊತ್ತು. ಮನೋವೈದ್ಯರ ಲೋಕದಲ್ಲಿ ಆ ಊರಿಗೆ ಇನ್ನೊಂದು ಕಾರಣಕ್ಕೆ ಹೆಸರಿದೆ. ಮನೋವೈದ್ಯರಾದ ಆರ್. ಎಲ್. ಕಪೂರ್ ಮತ್ತು ಕಾರ್‌ಸ್ಟೇರ್ಸ್ ಅಲ್ಲಿನ ಬ್ರಾಹ್ಮಣರು, ಬಂಟರು, ಮೊಗವೀರರ ಮನೆಗಳಲ್ಲಿ ಕೂತು, ಯಾರಿಗೆ ಯಾವ ಮನೋವ್ಯಥೆ ಎಂದು ವಿಚಾರಿಸಿ, 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ಪ್ರಕಟಿಸಿದರು. ಊರಿನವರು ನಾಟಿ ವೈದ್ಯರ ಬಳಿಗೂ ಹೋಗುತ್ತಿದ್ದರು, ಮಂತ್ರವಾದಿಯ ಬಳಿಗೂ, ದರ್ಶನ ಬರುವ ಪಾತ್ರಿಯ ಬಳಿಗೂ. ಇಂಗ್ಲಿಷ್ ಔಷಧ ಕೊಡುವ ಡಾಕ್ಟರನ್ನೂ ಬಿಡುತ್ತಿರಲಿಲ್ಲ. ಒಂದೇ ಕಾಯಿಲೆಗೆ ಹಲವು ಕಡೆ ಹೋಗುವುದರಲ್ಲಿ ಅವರಿಗೆ ಯಾವ ಗೊಂದಲವೂ ಇರಲಿಲ್ಲ.

ಇದನ್ನು ಮೌಢ್ಯ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ನಮ್ಮಲ್ಲಿ ಬಹಳ. ನನಗೆ ಹಾಗನ್ನಿಸುವುದಿಲ್ಲ. ಪಾತ್ರಿ ನಡೆದು ಹೋಗುವಷ್ಟು ದೂರದಲ್ಲಿದ್ದಾನೆ, ಮನೆಯವರ ಕಷ್ಟ ಪೂರ್ತಿ ಕೇಳುತ್ತಾನೆ, ಮುಂದಿನ ಅಮಾವಾಸ್ಯೆಗೆ ಬನ್ನಿ ಎಂದು ಗಡುವು ಕೊಡುತ್ತಾನೆ. ಎರಡು ಬಸ್ಸು ಬದಲಿಸಿ, ಓಪಿ ಚೀಟಿ ಮಾಡಿಸಿ, ಎರಡು ನಿಮಿಷದಲ್ಲಿ ಹೊರಬೀಳುವ ಆಸ್ಪತ್ರೆ ಇವುಗಳಲ್ಲಿ ಯಾವುದನ್ನು ಕೊಡುತ್ತದೆ? ಆದರೆ ಸರಪಳಿ ಹಾಕುವುದು, ಹೊಡೆದು ದೆವ್ವ ಬಿಡಿಸುವುದು ಬೇರೆ ಮಾತು. ಅಲ್ಲಿ ರಾಜಿ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಸ್ಪಷ್ಟವಾಗಿಯೇ ನಿಷೇಧಿಸಿದೆ.

ಇನ್ನು ಬಳ್ಳಾರಿ. ಎಪ್ಪತ್ತರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಸಮುದಾಯ ಮನೋವೈದ್ಯ ವಿಭಾಗ ಕಟ್ಟಿ, ಬೆಂಗಳೂರಿನ ಅಂಚಿನ ಸಕಲವಾರದಲ್ಲಿ ಕೆಲಸ ಶುರುಮಾಡಿತ್ತು. ದೇಶದಲ್ಲಿ ಮನೋವೈದ್ಯರು ಲಕ್ಷ ಜನರಿಗೆ ಒಬ್ಬರೂ ಇಲ್ಲ, ಇವತ್ತಿಗೂ ಇಲ್ಲ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆ ಮನೆ ಸುತ್ತುವ ಆರೋಗ್ಯ ಸಹಾಯಕಿಗೆ ಈ ವಿದ್ಯೆಯ ಅಗತ್ಯದಷ್ಟನ್ನು ಕಲಿಸಿಬಿಡೋಣ ಎಂಬ ಯೋಚನೆ ಅಲ್ಲಿ ಗಟ್ಟಿಯಾಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಇಡೀ ಜಿಲ್ಲೆಯಲ್ಲಿ ಪರೀಕ್ಷಿಸಿದ್ದು, ಎಂಬತ್ತರ ದಶಕದ ಉತ್ತರಾರ್ಧದಲ್ಲಿ, ಬಳ್ಳಾರಿಯಲ್ಲಿ. ಆಗ ಜಿಲ್ಲೆಯ ಜನಸಂಖ್ಯೆ ಸುಮಾರು 20 ಲಕ್ಷ.

ಪ್ರತಿ ಕೇಂದ್ರದಲ್ಲಿ ಇಟ್ಟದ್ದು ಆರೇ ಔಷಧ. ಕ್ಲೋರ್‌ಪ್ರೊಮಝೀನ್, ಅಮಿಟ್ರಿಪ್ಟಿಲಿನ್, ಕೈನಡುಕ ತಡೆಯುವ ಒಂದು ಮಾತ್ರೆ, ವಾರಗಟ್ಟಲೆ ಕೆಲಸ ಮಾಡುವ ಒಂದು ಇಂಜೆಕ್ಷನ್, ಮೂರ್ಛೆರೋಗಕ್ಕೆ ಎರಡು. ಮೂರ್ಛೆ ನರಗಳ ಕಾಯಿಲೆ, ಇಲ್ಲಿಗೇಕೆ ಸೇರಿಸಿದರು ಎಂದು ಕೇಳಬಹುದು. ಹಳ್ಳಿಯಲ್ಲಿ ಅದನ್ನೂ ‘ಗಾಳಿ’ ಎಂದೇ ಕರೆಯುತ್ತಾರೆ. ಮಾತ್ರೆಯಿಂದ ಫಿಟ್ಸ್ ನಿಂತದ್ದು ಕೇರಿಯವರ ಕಣ್ಣಿಗೇ ಕಾಣುತ್ತದೆ; ಆಮೇಲೆ ಒಬ್ಬನೇ ನಗುವ ಮಗನನ್ನೂ ತಾವಾಗಿಯೇ ಕರೆದುಕೊಂಡು ಬರುತ್ತಾರೆ. ಬುದ್ಧಿವಂತ ಲೆಕ್ಕಾಚಾರ ಅದು.

1996ರಲ್ಲಿ ಬಳ್ಳಾರಿಯನ್ನು ಮಾದರಿಯಾಗಿಟ್ಟುಕೊಂಡು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ನಾಲ್ಕು ಜಿಲ್ಲೆಗಳಲ್ಲಿ ಶುರುವಾಗಿ, ಮುಂದೆ ಎಲ್ಲೆಡೆ ಹಬ್ಬಿತು. ನನ್ನ ತಕರಾರು ಇಲ್ಲಿದೆ. ತರಬೇತಿ ಹೋಯಿತು, ಮಾತ್ರೆ ಹೋಯಿತು, ತಿಂಗಳ ವರದಿಯ ನಮೂನೆಯೂ ಹೋಯಿತು. ಬಾರದವರನ್ನು ಹುಡುಕಿಕೊಂಡು ಹೋಗುವ ಕಾಲು ಮಾತ್ರ ಅಷ್ಟಾಗಿ ಹೋಗಲಿಲ್ಲ. ಸ್ಕಿಜೋಫ್ರೇನಿಯಾದವರು ಮೊದಲ ತಿಂಗಳು ಹೇಗೋ ಬರುತ್ತಾರೆ, ಊರೆಲ್ಲ ಸೇರಿ ಎಳೆದುಕೊಂಡಾದರೂ ಬರುತ್ತದೆ. ಎರಡನೆಯ ತಿಂಗಳಿಗೆ ಕಾರಣಗಳು ಸಾಲುಗಟ್ಟುತ್ತವೆ. ಹುಷಾರಾಗಿದ್ದಾನಲ್ಲ, ಇನ್ನೇಕೆ? ಮಾತ್ರೆ ನುಂಗಿದರೆ ಮಂಪರು, ಕೊಯ್ಲಿಗೆ ಏಳಲಾಗುವುದಿಲ್ಲ. ಜೊತೆಗೆ ಹೋದವರ ಒಂದು ದಿನದ ಕೂಲಿ ಕಳೆಯುತ್ತದೆ. ತಂಗಿಗೆ ಗಂಡು ನೋಡಲು ಬರುತ್ತಿದ್ದಾರೆ, ಈಗ ಆಸ್ಪತ್ರೆ ಬೇಡ. ಇದೆಲ್ಲ ದಾಟಿ ಹೋದರೆ ಅಂದೇ ಮಾತ್ರೆ ಸ್ಟಾಕ್ ಇಲ್ಲ.

ಇವಕ್ಕೆ ಮನೋವೈದ್ಯರ ಬಳಿ ಉತ್ತರವಿಲ್ಲ. ಇರುವುದು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಬಳಿ, ಸಮುದಾಯ ನರ್ಸ್ ಬಳಿ, ಆಶಾ ಕಾರ್ಯಕರ್ತೆಯ ಬಳಿ. ಮಂಪರು ಎಂದರೆ ಮಾತ್ರೆಯನ್ನು ರಾತ್ರಿಗೆ ಬದಲಿಸಬಹುದೇ ಎಂದು ಡಾಕ್ಟರಿಗೆ ಫೋನ್ ಮಾಡುವವರು ಅವರು. ಅಂಗವಿಕಲತೆ ಶೇ. 40 ದಾಟಿದರೆ ಪ್ರಮಾಣಪತ್ರ, ಅದರಿಂದ ಮಾಸಾಶನ, ಆ ಓಡಾಟವೂ ಅವರದೇ. ‘ಅವನಿಗೆ ಬಯ್ಯಬೇಡಿ, ಸಣ್ಣ ಕೆಲಸ ಕೊಡಿ’ ಎಂದು ಅತ್ತಿಗೆಗೆ ತಿಳಿಸಿ ಹೇಳುವುದೂ ಚಿಕಿತ್ಸೆಯೇ.

ತೀರ್ಥಹಳ್ಳಿಯಲ್ಲಿ ನಡೆದದ್ದು ಇದೇ. ನಿಮ್ಹಾನ್ಸ್‌ನವರು 2005ರ ಸುಮಾರಿಗೆ ಅಲ್ಲಿ, ಆಮೇಲೆ ತುರುವೇಕೆರೆಯಲ್ಲಿ, ಜಗಳೂರಿನಲ್ಲಿ ಒಂದೊಂದು ತಾಲ್ಲೂಕನ್ನೇ ಕೈಗೆತ್ತಿಕೊಂಡರು. ಆರೋಗ್ಯ ಕಾರ್ಯಕರ್ತರ ನೆರವಿನಿಂದ ತೀವ್ರ ಮನೋರೋಗ ಇರುವವರನ್ನು ಪತ್ತೆಹಚ್ಚಿದರು, ಔಷಧ ಕೊಟ್ಟರು, ವರ್ಷಗಟ್ಟಲೆ ಬೆನ್ನುಬಿಡಲಿಲ್ಲ. ಬಳಸಿದ್ದು ಅಗ್ಗದ, ಹಳೆಯ ಔಷಧಗಳೇ. ಚಿಕಿತ್ಸೆ ತಪ್ಪಿಸದವರ ಅಸಾಮರ್ಥ್ಯ ಗಣನೀಯವಾಗಿ ಇಳಿಯಿತು ಎಂದು ಅವರ ಅಧ್ಯಯನಗಳು ಹೇಳುತ್ತವೆ. ಮಲೆನಾಡಿನ ಒಂಟಿ ಮನೆಗಳನ್ನು ಬಲ್ಲವರಿಗೆ ಇದು ಎಂಥ ಕೆಲಸ ಎಂದು ವಿವರಿಸಬೇಕಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೇ ಬರುವ ಏರ್ಪಾಡಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ನಡುರಾತ್ರಿ ಎದೆ ಹೊಡೆದುಕೊಳ್ಳುವವರಿಗೆ, ಪರೀಕ್ಷೆಯ ಮುಂಚೆ ಕುಸಿದ ಹುಡುಗರಿಗೆ ಅದರಿಂದ ಉಪಕಾರವಿದೆ. ಆದರೆ ತನಗೆ ಕಾಯಿಲೆಯೇ ಇಲ್ಲ ಎಂದು ನಂಬಿದವನು ಆ ನಂಬರನ್ನು ಒತ್ತುವುದಿಲ್ಲ. ಅವನ ಮನೆಗೆ ಹೋಗಬೇಕಾದವರ ನೇಮಕ ಹೆಚ್ಚಾಗಿ ಗುತ್ತಿಗೆಯ ಮೇಲೆ. ವರ್ಷಕ್ಕೊಮ್ಮೆ ಒಪ್ಪಂದ ನವೀಕರಣ, ಸಿಕ್ಕರೆ ಬೇರೆ ಕೆಲಸ. ಹೊಸಬರು ಬಂದಾಗ ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಅಣ್ಣನ ಮಾತಿಗೆ ರೋಗಿ ಬೆಲೆ ಕೊಡುತ್ತಾನೆ ಎಂಬುದನ್ನೆಲ್ಲ ಮತ್ತೆ ಮೊದಲಿನಿಂದ ಕಲಿಯಬೇಕು.

ಸಂಘದ ಮಿತ್ರರಲ್ಲಿ ಯಾರಾದರೂ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿದ್ದರೆ ಮುಂದಿನ ಸಭೆಯಲ್ಲಿ ಎರಡು ಕಾಗದ ಕೇಳಿ. ಒಂದು, ಮನೋರೋಗದ ಔಷಧಗಳ ಸ್ಟಾಕ್ ಪುಸ್ತಕ. ಇನ್ನೊಂದು, ಕಳೆದ ತಿಂಗಳು ಬರಬೇಕಾಗಿದ್ದೂ ಬಾರದವರ ಪಟ್ಟಿ. ಎರಡನೆಯದು ಇಲ್ಲವೆಂದರೆ, ಅದನ್ನು ಬರೆದಿಡುವ ಹೊಣೆ ಯಾರದೆಂದು ಅಲ್ಲೇ ತೀರ್ಮಾನವಾಗಲಿ.